ಮರುವನ್ಯೀಕರಣ ಮತ್ತು ಮನುಷ್ಯನ ಹಸ್ತಕ್ಷೇಪ: ಪದೇ ಪದೇ ಕೇಳುವ ಪ್ರಶ್ನೆಗಳು

ಮನುಷ್ಯ ತನ್ನ ಬಳಕೆಗೆ ತೆಗೆದುಕೊಂಡ ನೆಲವನ್ನು ಮತ್ತೆ ಕಾಡುಪ್ರಾಣಿಗಳಿಗೆ, ಹುಲ್ಲಿಗೆ, ಹರಿಯುವ ನೀರಿಗೆ ಬಿಟ್ಟುಕೊಡುವ ಪ್ರಯತ್ನಕ್ಕೆ ರೀವೈಲ್ಡಿಂಗ್ ಎಂಬ ಹೆಸರು ಬಳಕೆಯಲ್ಲಿದೆ. ಇಲ್ಲಿ ಅದನ್ನು ಮರುವನ್ಯೀಕರಣ ಎಂದು ಕರೆಯಲಾಗಿದೆ. ಅದನ್ನು ಹೇಗೆ ಮಾಡಬೇಕು ಎಂಬುದಕ್ಕಿಂತ, ಮಾಡಬಹುದೇ, ಮಾಡಿದರೆ ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಹೆಚ್ಚಿನ ಜಾಗ ಕೊಟ್ಟಿದೆ. ಹಲವು ಪ್ರಶ್ನೆಗಳ ಬಗ್ಗೆ ತಿಳಿದವರಲ್ಲೇ ಒಮ್ಮತವಿಲ್ಲ. ಅಂಥ ಕಡೆಗಳಲ್ಲಿ ಬರೆದವರ ನಿಲುವನ್ನು ಮರೆಮಾಚದೆ ಹೇಳಲಾಗಿದೆ.

ಮರುವನ್ಯೀಕರಣಕ್ಕೂ ಕಾಡು ಬೆಳೆಸುವುದಕ್ಕೂ ಏನು ವ್ಯತ್ಯಾಸ?

ಇಷ್ಟು ಎಕರೆಯಲ್ಲಿ ಇಂಥ ಮರಗಳಿರಬೇಕು, ಇಂಥ ಹಕ್ಕಿಯ ಇಷ್ಟು ಜೋಡಿಗಳು ಗೂಡು ಕಟ್ಟಬೇಕು ಎಂದು ಮೊದಲೇ ಗುರಿ ಗೊತ್ತುಮಾಡಿಕೊಂಡು ಅದರಂತೆ ನೆಲವನ್ನು ನೋಡಿಕೊಳ್ಳುವುದು ಸಂರಕ್ಷಣೆಯ ಹಳೆಯ ಕ್ರಮ. ಮರುವನ್ಯೀಕರಣದ ಪ್ರತಿಪಾದಕರು ಹೇಳುವುದು ಬೇರೆ: ಮೇಯುವುದು, ಬೇಟೆಯಾಡುವುದು, ನೆರೆ ಬರುವುದು, ಬೀಜ ಹರಡುವುದು, ಸತ್ತದ್ದು ಬಿದ್ದಲ್ಲೇ ಕೊಳೆಯುವುದು ಮುಂತಾದ ಕ್ರಿಯೆಗಳು ಮತ್ತೆ ತಮ್ಮಷ್ಟಕ್ಕೆ ನಡೆಯುವಂತಾದರೆ ಸಾಕು, ಅವುಗಳಿಂದ ಎಂಥ ಭೂದೃಶ್ಯ ಮೂಡುತ್ತದೆಂದು ನಾವು ಮುಂಚಿತವಾಗಿ ನಿಶ್ಚಯಿಸಬೇಕಿಲ್ಲ. 1998ರಲ್ಲಿ ಅಮೆರಿಕದ ಸಂರಕ್ಷಣಾ ವಿಜ್ಞಾನಿಗಳಾದ ಮೈಕೆಲ್ ಸೂಲೆ ಮತ್ತು ರೀಡ್ ನಾಸ್ ಇದಕ್ಕೆ ಮೂರು ಆಧಾರಗಳನ್ನು ಹೆಸರಿಸಿದರು: ವಿಶಾಲವಾದ ಸಂರಕ್ಷಿತ ಪ್ರದೇಶಗಳು, ಅವನ್ನು ಒಂದಕ್ಕೊಂದು ಬೆಸೆಯುವ ಕಾರಿಡಾರುಗಳು ಮತ್ತು ದೊಡ್ಡ ಮಾಂಸಾಹಾರಿಗಳು. ಯುರೋಪಿನಲ್ಲಿ ಅದೇ ಕಲ್ಪನೆ ದೊಡ್ಡ ಮೇಯುವ ಪ್ರಾಣಿಗಳ ಕಡೆಗೆ ವಾಲಿತು. ಇಂಗ್ಲೆಂಡಿನ ನೆಪ್ ಎಂಬಲ್ಲಿ 2001ರಿಂದೀಚೆಗೆ ಸುಮಾರು 3,500 ಎಕರೆ ಬೇಸಾಯದ ಭೂಮಿಯನ್ನು ಹಂತಹಂತವಾಗಿ ದನ, ಕುದುರೆ, ಹಂದಿ, ಜಿಂಕೆಗಳ ಓಡಾಟಕ್ಕೆ ಬಿಟ್ಟದ್ದು ಈ ಬಗೆಯದು. ಬೀಳುಬಿಟ್ಟ ಹೊಲ ತಾನಾಗಿ ಪೊದೆಗಟ್ಟುವುದೂ, 1986ರ ದುರಂತದ ನಂತರ ಜನ ತೆರವಾದ ಚೆರ್ನೋಬಿಲ್ ಸುತ್ತಮುತ್ತ ತೋಳಗಳು ನೆಲೆಗೊಂಡದ್ದೂ ಇದೇ ಹೆಸರಿನಡಿ ಬರುತ್ತವೆ.

ಒಂದೇ ಹೆಸರಿನ ಕೆಳಗೆ ಇಷ್ಟು ಭಿನ್ನವಾದ ಕೆಲಸಗಳಿರುವುದರಿಂದ, ಮರುವನ್ಯೀಕರಣ ಒಟ್ಟಾರೆಯಾಗಿ ಸರಿಯೋ ತಪ್ಪೋ ಎಂಬ ವಾದ ಹೆಚ್ಚು ದೂರ ಹೋಗುವುದಿಲ್ಲ. ಇಂಥ ನೆಲದಲ್ಲಿ ಇಂಥ ಯೋಜನೆ ಸರಿಯೇ ಎಂದು ಕೇಳಿದಾಗ ಮಾತ್ರ ಚರ್ಚೆಗೆ ಹಿಡಿತ ಸಿಗುತ್ತದೆ.

ಪ್ರಕೃತಿಯನ್ನು ಅದರ ಪಾಡಿಗೆ ಬಿಡುವುದೇ ಉದ್ದೇಶವಾದರೆ, ಪ್ರಾಣಿಗಳನ್ನು ಹಿಡಿದು ತಂದು ಬಿಡುವುದು ವಿರೋಧಾಭಾಸವಲ್ಲವೇ?

ಮೇಲ್ನೋಟಕ್ಕೆ ಹೌದು. ಆದರೆ ಈ ಆಕ್ಷೇಪದೊಳಗೆ ಒಂದು ಊಹೆ ಅಡಗಿದೆ: ಮನುಷ್ಯ ಏನೂ ಮಾಡದೆ ಸುಮ್ಮನಿದ್ದರೆ ಅದು ಹಸ್ತಕ್ಷೇಪವಲ್ಲ ಎಂಬುದು. ನದಿಯ ದಿಕ್ಕು ತಿರುಗಿಸಿ, ತೋಳಗಳನ್ನು ಕೊಂದು ಮುಗಿಸಿ, ಹೊರಗಿನ ಕಳೆಯನ್ನೂ ಇಲಿಯನ್ನೂ ತಂದು ಬಿಟ್ಟು, ಆಮೇಲೆ ಇನ್ನು ನಾವು ಕೈಹಾಕುವುದಿಲ್ಲ ಎಂದು ದೂರ ಸರಿದರೆ, ಅಲ್ಲಿ ಮುಂದೆ ನಡೆಯುವುದು ಬಹುಪಾಲು ನಮ್ಮ ಹಿಂದಿನ ಕೃತ್ಯಗಳ ಮುಂದುವರಿಕೆಯೇ ಆಗಿರುತ್ತದೆ. ಮುರಿದ ಮೂಳೆಯನ್ನು ವೈದ್ಯರು ಸರಿಯಾಗಿ ಕೂರಿಸಿದ ಮೇಲೆ ಅದನ್ನು ಬೆಸೆಯುವುದು ದೇಹವೇ. ಕೂರಿಸದೆ ಬಿಟ್ಟರೂ ಅದು ಬೆಸೆಯುತ್ತದೆ, ಆದರೆ ಸೊಟ್ಟಗೆ. ಆರಂಭದಲ್ಲಿ ಒಂದಷ್ಟು ಕೈಹಾಕಿ ಮುಂದೆ ಕೈಹಾಕುವ ಅಗತ್ಯವನ್ನೇ ಕಡಿಮೆ ಮಾಡುವುದು ಎಂಬ ಸಮರ್ಥನೆ ಆದ್ದರಿಂದ ತಾರ್ಕಿಕವಾಗಿ ನಿಲ್ಲುತ್ತದೆ.

ಅದು ಕಾರ್ಯತಃ ನಿಲ್ಲುತ್ತದೆಯೇ ಎಂಬುದು ಬೇರೆ ಮಾತು. ನ್ಯೂಜಿಲೆಂಡ್ ಮತ್ತು ಅಂಟಾರ್ಕ್ಟಿಕಾ ನಡುವೆ ಇರುವ, ಆಸ್ಟ್ರೇಲಿಯಾಕ್ಕೆ ಸೇರಿದ ಮಕ್ವಾರಿ ದ್ವೀಪದಲ್ಲಿ ಹಡಗಿನವರು ಬಿಟ್ಟ ಬೆಕ್ಕುಗಳು ಕಾಡುಬಿದ್ದು ಕಡಲಹಕ್ಕಿಗಳನ್ನು ತಿನ್ನುತ್ತಿದ್ದವು. 2000ದ ಹೊತ್ತಿಗೆ ಬೆಕ್ಕುಗಳನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಆನಂತರದ ವರ್ಷಗಳಲ್ಲಿ, ಹಡಗಿನವರೇ ತಂದು ಬಿಟ್ಟಿದ್ದ ಮೊಲಗಳು ವಿಪರೀತ ಹೆಚ್ಚಿ ಇಳಿಜಾರುಗಳ ಹುಲ್ಲುಗಂಟಿಗಳನ್ನು ಬುಡಸಹಿತ ತಿಂದವು, ಮಣ್ಣು ಕುಸಿಯಿತು. ಈ ಏರಿಕೆಯಲ್ಲಿ ಬೆಕ್ಕಿಲ್ಲದಿರುವುದರ ಪಾಲೆಷ್ಟು, ಮೊಲಗಳಿಗೆಂದು ಬಿಟ್ಟಿದ್ದ ರೋಗಾಣು ದುರ್ಬಲವಾದದ್ದರ ಪಾಲೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ವಾದವಿದೆ. ಏನೇ ಆದರೂ ಮೊಲ, ಇಲಿ, ಸುಂಡಿಲಿಗಳನ್ನು ತೆಗೆಯಲು ಇನ್ನೊಂದು ಭಾರಿ ಕಾರ್ಯಾಚರಣೆಯೇ ಬೇಕಾಯಿತು. 2014ರಲ್ಲಿ ದ್ವೀಪ ಅವುಗಳಿಂದ ಮುಕ್ತವೆಂದು ಘೋಷಣೆಯಾಯಿತು. ಒಂದು ಹಸ್ತಕ್ಷೇಪ ಇನ್ನೊಂದನ್ನು ಬೇಡುತ್ತದೆ ಎಂದು ವಿರೋಧಿಗಳು ಈ ಕಥೆಯನ್ನು ಎತ್ತಿ ತೋರಿಸುತ್ತಾರೆ. ಅದು ಸರಿಯೇ, ಆದರೆ ಬೆಕ್ಕುಗಳನ್ನು ಹಾಗೆಯೇ ಬಿಟ್ಟಿದ್ದರೆ ಅಲ್ಲಿ ಉಳಿಯುತ್ತಿದ್ದದ್ದು ಮುಟ್ಟದ ಪ್ರಕೃತಿಯಲ್ಲ, ಹಡಗಿನವರು ಮಾಡಿಟ್ಟ ಏರ್ಪಾಡು. ಕೈತೆಗೆಯುವುದೂ ಒಂದು ನಿರ್ಧಾರ, ಅದಕ್ಕೂ ಲೆಕ್ಕ ಕೊಡಬೇಕು ಎಂಬುದು ಈ ಬರಹದ ನಿಲುವು.

ಯಾವ ಕಾಲದ ಪ್ರಕೃತಿಗೆ ಮರಳಬೇಕು? ಅದನ್ನು ನಿರ್ಧರಿಸುವವರು ಯಾರು?

ಅಮೆರಿಕ ಖಂಡಗಳಲ್ಲಿ ಕೊಲಂಬಸ್ ಬರುವುದಕ್ಕೆ ಮುಂಚಿನ ಸ್ಥಿತಿಯೇ ಮೂಲ ಎಂದು ಬಹುಕಾಲ ಭಾವಿಸಲಾಗಿತ್ತು. 2005ರಲ್ಲಿ ಕೆಲವು ವಿಜ್ಞಾನಿಗಳು ಆ ಗೆರೆಯನ್ನು ಸುಮಾರು 13,000 ವರ್ಷ ಹಿಂದಕ್ಕೆ, ಆನೆಯ ಬಳಗದ ಪ್ರಾಣಿಗಳೂ ದೊಡ್ಡ ಬೆಕ್ಕುಗಳೂ ಅಲ್ಲಿ ಓಡಾಡುತ್ತಿದ್ದ ಕಾಲಕ್ಕೆ ಸರಿಸಿ, ಅವುಗಳ ಜಾಗಕ್ಕೆ ಆಫ್ರಿಕ ಮತ್ತು ಏಷ್ಯಾದ ಆನೆ, ಸಿಂಹ, ಚೀತಾಗಳನ್ನು ತರುವ ಪ್ರಸ್ತಾಪ ಮುಂದಿಟ್ಟಾಗ ದೊಡ್ಡ ಗದ್ದಲವೇ ಆಯಿತು. ಎರಡೂ ಗೆರೆಗಳು ಮನುಷ್ಯ ಎಳೆದವೇ. ಮೊದಲನೆಯದರಲ್ಲಂತೂ ಒಂದು ತಪ್ಪು ಕಲ್ಪನೆಯೂ ಸೇರಿಕೊಂಡಿತ್ತು: ಐರೋಪ್ಯರು ಬರುವ ಮುನ್ನ ಆ ನೆಲ ಮನುಷ್ಯಸ್ಪರ್ಶವಿಲ್ಲದ್ದು ಎಂಬುದು. ಅಮೆಜಾನ್ ಜಲಾನಯನದಲ್ಲಿ ಸಿಗುವ ಕಪ್ಪು ಫಲವತ್ತಾದ ಮಣ್ಣು ಅಲ್ಲಿನ ಪ್ರಾಚೀನ ನಿವಾಸಿಗಳ ಕೈಯಿಂದ ಆದದ್ದು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಸಣ್ಣ ಸಣ್ಣ ಬೆಂಕಿಯಿಟ್ಟು ರೂಪಿಸಿದ ಬಯಲುಗಳನ್ನು ವಲಸೆಗಾರರು ಸಹಜ ಉದ್ಯಾನವೆಂದು ತಿಳಿದರು, ಬೆಂಕಿಯನ್ನು ನಿಲ್ಲಿಸಿದರು, ಒಣಗಿದ ಕಸ ಕೂಡಿಬಿದ್ದು ದೊಡ್ಡ ಕಾಳ್ಗಿಚ್ಚುಗಳಿಗೆ ದಾರಿಯಾಯಿತು.

ಇನ್ನೊಂದು ತೊಡಕನ್ನು ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಗುರುತಿಸಿದರು. ಪ್ರತಿ ಪೀಳಿಗೆಯವರೂ ತಾವು ಎಳವೆಯಲ್ಲಿ ಕಂಡದ್ದನ್ನೇ ಸಮೃದ್ಧಿಯ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಅದಕ್ಕೂ ಹಿಂದೆ ಕಳೆದುಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಆದುದರಿಂದ ಹಿಂದಿನ ದಾಖಲೆ, ಪರಾಗದ ಪಳೆಯುಳಿಕೆ, ಮೂಳೆಗಳ ಸಾಕ್ಷ್ಯ ಇವೆಲ್ಲ ಬೇಕೇ ಬೇಕು. ಆದರೆ ಅವು ಹೇಳುವುದು ಈ ನೆಲದಲ್ಲಿ ಏನೆಲ್ಲ ಸಾಧ್ಯವಿತ್ತು ಎಂಬುದನ್ನು ಮಾತ್ರ. ಹವಾಮಾನ ಬದಲಾಗುತ್ತಿರುವಾಗ ಯಾವುದೋ ಒಂದು ಶತಮಾನವನ್ನು ಆರಿಸಿ ಅದಕ್ಕೇ ಮರಳಬೇಕೆನ್ನುವುದು ಪ್ರಕೃತಿಯ ಆಜ್ಞೆಯಲ್ಲ, ನಮ್ಮ ಆಯ್ಕೆ. ಆಯ್ಕೆ ಎಂದು ಒಪ್ಪಿಕೊಂಡ ಮೇಲೆ ಅದರಲ್ಲಿ ಆ ನೆಲದ ಜನರ ಪಾಲೂ ಇರಬೇಕಾಗುತ್ತದೆ.

ಮನುಷ್ಯ ಮರುಕಟ್ಟಿದ ಕಾಡು ನಕಲಿಯಲ್ಲವೇ?

ಆಸ್ಟ್ರೇಲಿಯಾದ ತತ್ವಶಾಸ್ತ್ರಜ್ಞ ರಾಬರ್ಟ್ ಎಲಿಯಟ್ 1982ರಲ್ಲಿ ಇಂಥದೇ ವಾದ ಮಂಡಿಸಿದರು. ಶ್ರೇಷ್ಠ ಚಿತ್ರವೊಂದರ ಪಡಿಯಚ್ಚು ಕಣ್ಣಿಗೆ ಮೂಲದಂತೆಯೇ ಕಂಡರೂ ಅದಕ್ಕೆ ಮೂಲದ ಬೆಲೆಯಿಲ್ಲ, ಏಕೆಂದರೆ ಅದು ಹುಟ್ಟಿದ ಬಗೆ ಬೇರೆ. ಹಾಗೆಯೇ ಗಣಿ ತೋಡಿ ಮುಗಿಸಿದ ಮೇಲೆ ಮೊದಲಿನಂತೆಯೇ ಕಾಣುವ ಕಾಡು ನಿರ್ಮಿಸಿಕೊಟ್ಟರೂ ಕಳೆದದ್ದು ಮರಳಿದಂತಲ್ಲ ಎಂದರು. ಹತ್ತು ವರ್ಷಗಳ ನಂತರ ಎರಿಕ್ ಕಾಟ್ಜ್ ಇನ್ನೂ ಮುಂದೆ ಹೋಗಿ, ಪುನಃಸ್ಥಾಪಿತ ಪ್ರಕೃತಿ ಮನುಷ್ಯನ ಉದ್ದೇಶಕ್ಕೆ ತಕ್ಕಂತೆ ತಯಾರಾದ ವಸ್ತುವಷ್ಟೇ, ಅದೂ ಪ್ರಕೃತಿಯ ಮೇಲಿನ ಒಂದು ಬಗೆಯ ಯಜಮಾನಿಕೆ ಎಂದು ವಾದಿಸಿದರು.

ಎಲಿಯಟ್ ಅವರ ವಾದಕ್ಕೆ ಒಂದು ನಿರ್ದಿಷ್ಟ ಗುರಿಯಿತ್ತು, ಆ ಗುರಿಯ ಮಟ್ಟಿಗೆ ಅದು ಇಂದಿಗೂ ಸತ್ವವುಳ್ಳದ್ದು: ಮುಂದೆ ಸರಿಪಡಿಸಿ ಕೊಡುತ್ತೇವೆ ಎಂಬ ಭರವಸೆ ಇಂದು ಕೆಡಿಸುವುದಕ್ಕೆ ಪರವಾನಗಿ ಆಗಬಾರದು. ಆದರೆ ಈಗಾಗಲೇ ಕೆಟ್ಟುಹೋದ ನೆಲದ ಎದುರು ನಿಂತಾಗ ಅದು ಹೆಚ್ಚೇನೂ ಹೇಳುವುದಿಲ್ಲ. ಮಾರಿಷಸ್ ಬಳಿಯ ಪುಟ್ಟ ದ್ವೀಪವಾದ ಇಲ್ ಓ ಎಗ್ರೆತ್‌ನಲ್ಲಿ ಸ್ಥಳೀಯ ದೈತ್ಯ ಆಮೆಗಳು ಎಂದೋ ಅಳಿದುಹೋಗಿದ್ದವು; ಅವು ತಿಂದು ಹರಡುತ್ತಿದ್ದ ಕರಿಮರದ ಹಣ್ಣುಗಳು ತಾಯಿಮರದ ಬುಡದಲ್ಲೇ ಬಿದ್ದು ಕೊಳೆಯುತ್ತಿದ್ದವು. 2000ದಲ್ಲಿ ಅಲ್ಡಾಬ್ರ ದ್ವೀಪದ ಆಮೆಗಳನ್ನು ಅಲ್ಲಿಗೆ ತರಲಾಯಿತು. ಪ್ರಭೇದ ಬೇರೆ, ಆದರೆ ಅವು ಹಣ್ಣು ತಿಂದವು, ನಡೆದಾಡಿದವು, ಲದ್ದಿಯಲ್ಲಿ ಬಿದ್ದ ಬೀಜಗಳು ಮರದಿಂದ ದೂರದಲ್ಲಿ ಸಸಿಯಾದವು. ಆ ಸಸಿ ಮೊಳೆಯುವುದರಲ್ಲಿ ನಕಲಿ ಏನಿದೆಯೆಂದು ಹೇಳುವುದು ಕಷ್ಟ. ಮನುಷ್ಯ ಆರಂಭಿಸಿದ ಮಾತ್ರಕ್ಕೆ ಅದು ಕೊನೆಯವರೆಗೂ ಮನುಷ್ಯನದೇ ಆಗಿ ಉಳಿಯುವುದಿಲ್ಲ.

ಬೇಲಿಯೊಳಗೆ ಹಸಿವಿನಿಂದ ಸಾಯುತ್ತಿರುವ ಪ್ರಾಣಿಗಳಿಗೆ ಮೇವು ಹಾಕಬೇಕೇ?

ಇಡೀ ವಿವಾದದ ಒಳಸುಳಿಗಳೆಲ್ಲ ಈ ಒಂದು ಪ್ರಶ್ನೆಯಲ್ಲಿ ಬಂದು ಸೇರುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡಬೇಕು. ನೆದರ್ಲೆಂಡ್ಸ್‌ನ ಊಸ್ತ್‌ವಾರ್ಡರ್ಸ್‌ಪ್ಲಾಸೆನ್ 1968ರಲ್ಲಿ ನೀರು ಹೊರಹಾಕಿ ಗಳಿಸಿದ ತಗ್ಗುಭೂಮಿ. ಕೈಗಾರಿಕೆಗೆಂದು ಮೀಸಲಾಗಿದ್ದ ಜಾಗ ಬಳಕೆಯಾಗದೆ ಉಳಿದು ಜೌಗಾಯಿತು, ಹಕ್ಕಿಗಳು ಬಂದು ನೆಲೆಸಿದವು. ಜೌಗಿನ ಅಂಚು ಪೂರ್ತಿಯಾಗಿ ಮರಗಳಿಂದ ಮುಚ್ಚಿಹೋಗದಂತೆ ಮೇಯುವ ಪ್ರಾಣಿಗಳು ಬೇಕೆಂಬ ಆಲೋಚನೆಯ ಮೇಲೆ 1983ರಲ್ಲಿ ಹೆಕ್ ದನಗಳನ್ನು, 1984ರಲ್ಲಿ ಕೋನಿಕ್ ಕುದುರೆಗಳನ್ನು, 1992ರಲ್ಲಿ ಕೆಂಪು ಜಿಂಕೆಗಳನ್ನು ತಂದು ಬಿಟ್ಟರು. ಹೆಕ್ ದನವೆಂದರೆ, 1627ರಲ್ಲಿ ಪೋಲೆಂಡಿನಲ್ಲಿ ಕೊನೆಯದು ಸತ್ತ ಆರಾಕ್ಸ್ ಎಂಬ ಕಾಡುದನವನ್ನು ಹೋಲುವಂತೆ ಇಬ್ಬರು ಜರ್ಮನ್ ಸಹೋದರರು ಸಾಕುತಳಿಗಳನ್ನು ಕೂಡಿಸಿ ಪಡೆದ ತಳಿ. ಸುಮಾರು 56 ಚದರ ಕಿಲೋಮೀಟರಿನ ಈ ಜಾಗದ ಸುತ್ತ ಬೇಲಿಯಿತ್ತು, ಒಳಗೆ ತೋಳವಿರಲಿಲ್ಲ. ಸಂಖ್ಯೆಯನ್ನು ಮೇವೇ ನಿಯಂತ್ರಿಸಲಿ ಎಂಬುದು ನೀತಿ. ಕೆಲವು ಡಜನ್ ಪ್ರಾಣಿಗಳಿಂದ ಶುರುವಾದದ್ದು ಸಾವಿರಗಳಿಗೆ ಏರಿತು.

2017-18ರ ಚಳಿಗಾಲ ಕಠಿಣವಾಗಿ ಬಂತು. ಆ ಒಂದು ಋತುವಿನಲ್ಲಿ 3,000ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಅವುಗಳಲ್ಲಿ ಬಹುಪಾಲು ಹಸಿವಿನಿಂದಲೇ ಪ್ರಾಣ ಬಿಡುವವರೆಗೆ ಕಾಯಲಿಲ್ಲ: ಸಿಬ್ಬಂದಿ ಹಿಂಡುಗಳ ನಡುವೆ ಸುತ್ತಾಡಿ, ಇನ್ನು ವಸಂತದವರೆಗೆ ಉಳಿಯುವುದಿಲ್ಲ ಎಂದು ಕಂಡ ಪ್ರಾಣಿಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. ಬೇಲಿಯಾಚೆ ನಿಂತ ಜನ ಹುಲ್ಲಿನ ಹೊರೆಗಳನ್ನು ಒಳಕ್ಕೆ ಎಸೆದರು, ಸಿಬ್ಬಂದಿಗೆ ಬೆದರಿಕೆಗಳು ಬಂದವು. ಕೊನೆಗೆ ಅದೇ ವರ್ಷ ಫ್ಲೆವೊಲಾಂಡ್ ಪ್ರಾಂತ್ಯದ ಆಡಳಿತ ದೊಡ್ಡ ಮೇಯುವ ಪ್ರಾಣಿಗಳ ಸಂಖ್ಯೆಯನ್ನು ಸುಮಾರು 1,100ಕ್ಕೆ ಇಳಿಸುವ ತೀರ್ಮಾನಕ್ಕೆ ಬಂತು.

ಯೋಜನೆಯ ಪರವಾಗಿದ್ದವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆಫ್ರಿಕದ ಹುಲ್ಲುಗಾವಲುಗಳಲ್ಲಿ ಬರಗಾಲದಲ್ಲಿ ಸಾಯುವ ಪ್ರಾಣಿಗಳಿಗೆ ಯಾರೂ ಮೇವು ಒಯ್ಯುವುದಿಲ್ಲ. ಸಾವು ಕಣ್ಣಿಗೆ ಬಿದ್ದ ಮಾತ್ರಕ್ಕೆ ಅದು ಹೆಚ್ಚು ತಪ್ಪಾಗುವುದಿಲ್ಲ. ಮೇವು ಹಾಕಿದರೆ ಮುಂದಿನ ವರ್ಷ ಇನ್ನೂ ಹೆಚ್ಚು ಪ್ರಾಣಿಗಳು ಸಾಯುವ ಸ್ಥಿತಿಗೆ ಬರುತ್ತವೆ. ಇವೆಲ್ಲ ನಿಜ. ಆದರೆ ಸವನ್ನಾದ ಪ್ರಾಣಿ ಮೇವು ಮುಗಿದಾಗ ಎದ್ದು ಬೇರೆಡೆಗೆ ಹೋಗಬಲ್ಲದು. ಇಲ್ಲಿನ ದನಕ್ಕೆ ಹೋಗಲು ದಾರಿಯಿಲ್ಲ, ಏಕೆಂದರೆ ಬೇಲಿ ನಮ್ಮದು. ಅದನ್ನು ಅಲ್ಲಿಗೆ ತಂದವರು ನಾವು. ಅದರ ಪೂರ್ವಜರನ್ನು ಸಾಕಿ ತಳಿ ತಿದ್ದಿದವರೂ ನಾವೇ. ಕಾಡುಪ್ರಾಣಿಯ ಬಗ್ಗೆ ನಮಗಿರುವ ಮುಖ್ಯ ಕರ್ತವ್ಯ ಅದಕ್ಕೆ ಅಡ್ಡಬರದಿರುವುದು, ನಮ್ಮ ಕಾರಣದಿಂದ ಅವಲಂಬಿತವಾದ ಪ್ರಾಣಿಯ ಬಗ್ಗೆ ಅದನ್ನು ನೋಡಿಕೊಳ್ಳುವ ಹೊಣೆಯೂ ಸೇರುತ್ತದೆ ಎಂಬ ವ್ಯತ್ಯಾಸವನ್ನು ಕ್ಲೇರ್ ಪಾಮರ್ ಮುಂತಾದ ನೀತಿಶಾಸ್ತ್ರಜ್ಞರು ಬಿಡಿಸಿ ಹೇಳಿದ್ದಾರೆ. ಆ ಅಳತೆಯಲ್ಲಿ ನೋಡಿದರೆ ಬೇಲಿಯೊಳಗಿನ ಪ್ರಾಣಿ ಪೂರ್ತಿ ಕಾಡಿನದೂ ಅಲ್ಲ, ಪೂರ್ತಿ ಕೊಟ್ಟಿಗೆಯದೂ ಅಲ್ಲ. ಪ್ರಾಣಿ ಎಷ್ಟರ ಮಟ್ಟಿಗೆ ತನ್ನ ಬದುಕಿನ ದಾರಿಯನ್ನು ತಾನೇ ಹಿಡಿಯಬಲ್ಲದೋ ಅಷ್ಟರ ಮಟ್ಟಿಗೆ ಮಾತ್ರ ಅದು ನಮ್ಮ ಹೊಣೆಯಿಂದ ಹೊರಗೆ.

ಹಾಗಾದರೆ ಮೇವು ಹಾಕಬೇಕೇ ಎಂದರೆ, ಆ ಹಂತಕ್ಕೆ ಬರುವ ಮೊದಲೇ ಸಂಖ್ಯೆಯನ್ನು ಹಿಡಿತದಲ್ಲಿಡಬೇಕಿತ್ತು ಎಂಬುದು ನೇರ ಉತ್ತರ. ನೆಪ್‌ನಲ್ಲಿ ಹಾಗೆಯೇ ಮಾಡುತ್ತಾರೆ: ಪ್ರತಿ ವರ್ಷ ಒಂದಷ್ಟು ಪ್ರಾಣಿಗಳನ್ನು ತೆಗೆದು ಮಾಂಸಕ್ಕೆ ಮಾರುತ್ತಾರೆ, ಅಂದರೆ ಇಲ್ಲದ ತೋಳದ ಜಾಗದಲ್ಲಿ ಮನುಷ್ಯ ನಿಲ್ಲುತ್ತಾನೆ. ಇದು ನಿಜವಾದ ಮರುವನ್ಯೀಕರಣವಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಇರಬಹುದು. ಹೆಸರಿನ ಶುದ್ಧಿಗಾಗಿ ಸಾವಿರಾರು ಪ್ರಾಣಿಗಳನ್ನು ಹಸಿವಿಗೆ ದೂಡುವುದಕ್ಕಿಂತ ಅದು ವಾಸಿ.

ತೋಳ, ಕಾಡುಬೆಕ್ಕಿನ ಜಾತಿಯ ಲಿಂಕ್ಸ್‌ಗಳನ್ನು ಮರಳಿ ತಂದರೆ ಅವು ಕೊಲ್ಲುವ ಪ್ರಾಣಿಗಳ ನೋವಿಗೆ ನಾವು ಹೊಣೆಯಾಗುವುದಿಲ್ಲವೇ?

ಮನುಷ್ಯ ಮಾಡಿದರೆ ಗಲ್ಲಿಗೇರಿಸುವಂಥ ಕೃತ್ಯಗಳನ್ನು ಪ್ರಕೃತಿ ದಿನನಿತ್ಯ ಮಾಡುತ್ತದೆ ಎಂಬರ್ಥದ ಮಾತನ್ನು ಜಾನ್ ಸ್ಟೂಅರ್ಟ್ ಮಿಲ್ 19ನೆಯ ಶತಮಾನದಲ್ಲೇ ಬರೆದಿದ್ದರು. ಇಂದಿನ ಕೆಲವು ತತ್ವಶಾಸ್ತ್ರಜ್ಞರು ಅದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ: ಕಪ್ಪೆಯೊಂದು ಸಾವಿರಾರು ಮೊಟ್ಟೆ ಇಟ್ಟರೆ ದೊಡ್ಡದಾಗಿ ಬದುಕುವುದು ಒಂದೋ ಎರಡೋ, ಕಾಡು ಹೆಚ್ಚಿಸುವುದೆಂದರೆ ಇಂಥ ಸಾವುಗಳನ್ನು ಹೆಚ್ಚಿಸುವುದು. ನೋವು ಎಲ್ಲಿದ್ದರೂ ನೋವೇ ಎಂಬ ಅವರ ಮೂಲ ನಿಲುವು ಸರಿಯೆಂದು ಒಪ್ಪಿದರೂ, ಅದರಿಂದ ಬೇಟೆಯನ್ನೇ ಇಲ್ಲವಾಗಿಸಬೇಕೆಂಬ ತೀರ್ಮಾನಕ್ಕೆ ಹಾರುವುದು ಸಾಧ್ಯವಿಲ್ಲ. ಬೇಟೆಗಾರನಿಲ್ಲದ ಜಿಂಕೆ ನೋವಿಲ್ಲದೆ ಬದುಕುವುದಿಲ್ಲ. ರೋಗದಿಂದಲೋ, ಮೇವಿಲ್ಲದೆಯೋ, ನಿಧಾನವಾಗಿ ಸಾಯುತ್ತದೆ. ಬೆಲೆ ಇರುವುದು ಬಿಡಿ ಪ್ರಾಣಿಗೋ ಇಡೀ ವ್ಯವಸ್ಥೆಗೋ ಎಂಬ ಜಗಳ ಇದರ ಹಿಂದಿದೆ. ಅಮೆರಿಕದ ಪರಿಸರ ಚಿಂತಕ ಆಲ್ಡೊ ಲಿಯೋಪೋಲ್ಡ್ ಅವರಿಂದೀಚೆಗೆ ಜೀವಸಮುದಾಯದ ಸಮಗ್ರತೆಯೇ ಅಳತೆಗೋಲು ಎಂದವರಿದ್ದಾರೆ. ಬಿಡಿ ಜೀವಿಯನ್ನು ಸಮಷ್ಟಿಗೆ ಬಲಿಕೊಡುವ ಈ ಆಲೋಚನೆಯನ್ನು ಪ್ರಾಣಿಹಕ್ಕುಗಳ ತತ್ವಶಾಸ್ತ್ರಜ್ಞ ಟಾಮ್ ರೀಗನ್ 1983ರಲ್ಲಿ ಪರಿಸರದ ಫ್ಯಾಸಿಸಂ ಎಂದೇ ಕರೆದರು. ಎರಡರಲ್ಲಿ ಒಂದನ್ನೇ ಹಿಡಿದು ಕೂರಬೇಕಾದ ಅಗತ್ಯ ಕಾಣುವುದಿಲ್ಲ: ತೋಳದ ಬೇಟೆಗೆ ತೋಳವನ್ನೂ ನಮ್ಮನ್ನೂ ದೂಷಿಸದೆ, ನಮ್ಮ ಪಂಜರ, ಬೇಲಿ, ಸಾಗಣೆಗಳಿಂದ ಆಗುವ ನೋವಿಗೆ ಮಾತ್ರ ಪೂರ್ತಿ ಹೊಣೆ ಹೊರುವುದು ಅಸಂಗತವೇನಲ್ಲ.

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳಗಳು ಬಂದು ನದಿಯ ಹರಿವನ್ನೇ ಬದಲಿಸಿದವಂತೆ, ನಿಜವೇ?

ಆ ಕಥೆ ಹೇಳಿದಷ್ಟು ಸರಳವಾಗಿಲ್ಲ. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಅಲ್ಲಿ ಬಿಟ್ಟರು. ಉದ್ಯಾನದ ಉತ್ತರ ಭಾಗದ ಎಲ್ಕ್ ಜಿಂಕೆಗಳ ಹಿಂಡು ಸುಮಾರು 19,000ದಿಂದ 2013ರ ಹೊತ್ತಿಗೆ 4,000ದ ಆಸುಪಾಸಿಗೆ ಇಳಿಯಿತು. ಆದರೆ ಕರಡಿ, ಪೂಮಾಗಳ ಹೆಚ್ಚಳ, ಉದ್ಯಾನದ ಹೊರಗಿನ ಬೇಟೆ, ಬರ ಇವುಗಳ ಪಾಲೂ ಅದರಲ್ಲಿತ್ತು. ಕೆಲವು ಕಡೆ ವಿಲ್ಲೋ ಗಿಡಗಳು ಎತ್ತರಕ್ಕೆ ಬೆಳೆದವು, ಹಲವು ಕಡೆ ಬೆಳೆಯಲಿಲ್ಲ. ತೋಳಗಳಿಲ್ಲದ ದಶಕಗಳಲ್ಲಿ ಬೀವರ್‌ಗಳೂ ಕಣ್ಮರೆಯಾಗಿ, ಅವು ಕಟ್ಟುತ್ತಿದ್ದ ಒಡ್ಡುಗಳಿಲ್ಲದೆ ಹೊಳೆಗಳು ಆಳಕ್ಕೆ ಕೊರೆದುಕೊಂಡಿದ್ದವು. ಅಂತರ್ಜಲ ಕೆಳಗಿಳಿದ ಕಡೆ ತೋಳ ಮರಳಿದರೂ ವಿಲ್ಲೋ ಮರಳಲಿಲ್ಲ.

ಇದು ಬರಿಯ ವಿಜ್ಞಾನದ ತಕರಾರಲ್ಲ. ಉತ್ಪ್ರೇಕ್ಷಿತ ಕಥೆಯನ್ನು ಹೇಳಿ ಜನರ ಒಪ್ಪಿಗೆ ಪಡೆದರೆ ಅದು ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ. ತೋಳ ಬರುವುದರಿಂದ ಕುರಿ ಕಳೆದುಕೊಳ್ಳಬಹುದಾದವನಿಗೆ ನದಿಯೂ ಸುಧಾರಿಸುತ್ತದೆಂದು ಮಾತು ಕೊಟ್ಟು, ಆಮೇಲೆ ಸುಧಾರಿಸದಿದ್ದರೆ, ಮುಂದಿನ ಯೋಜನೆಯನ್ನೂ ಅವನು ನಂಬುವುದಿಲ್ಲ.

ಒಂದು ಪ್ರಭೇದವನ್ನು ಉಳಿಸಲು ಇನ್ನೊಂದನ್ನು ಸಾಮೂಹಿಕವಾಗಿ ಕೊಲ್ಲುವುದು ಸರಿಯೇ?

ನೆಲದ ಮೇಲಿನ ಸ್ಥಳೀಯ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ ಎನ್ನುವಂತಿದ್ದ ನ್ಯೂಜಿಲೆಂಡ್‌ಗೆ 1880ರ ದಶಕದಲ್ಲಿ ಮೊಲಗಳ ಹಾವಳಿ ತಡೆಯಲೆಂದು ಸ್ಟೋಟ್ ಎಂಬ ಪುಟ್ಟ ಮಾಂಸಾಹಾರಿಗಳನ್ನು ತರಲಾಯಿತು, ಅವು ಹಾರಲಾಗದ ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿನ್ನತೊಡಗಿದವು. 2016ರಲ್ಲಿ ಅಲ್ಲಿನ ಸರ್ಕಾರ ಸ್ಟೋಟ್, ಇಲಿ, ಪಾಸಮ್‌ಗಳನ್ನು 2050ರೊಳಗೆ ದೇಶದಿಂದಲೇ ಇಲ್ಲವಾಗಿಸುವ ಗುರಿ ಘೋಷಿಸಿತು. ಆ ಪ್ರಾಣಿಗಳು ಯಾವ ಅಪರಾಧವನ್ನೂ ಮಾಡಿಲ್ಲ. ತಂದವರ ತಪ್ಪಿಗೆ ಅವು ವಿಷ ತಿಂದು ಸಾಯುತ್ತವೆ. ಇದನ್ನು ಕೊಲೆಯೇ ಅಲ್ಲವೆಂಬಂತೆ ಕೀಟನಿಯಂತ್ರಣದ ಭಾಷೆಯಲ್ಲಿ ಮುಚ್ಚಿಡುವುದು ಸರಿಯಲ್ಲ. ಮಕ್ವಾರಿಯಲ್ಲಿ ಮೊಲಗಳಿಗೆ ಇಟ್ಟ ವಿಷದಿಂದ ನೂರಾರು ಕಡಲಹಕ್ಕಿಗಳೂ ಸತ್ತವು. ಹಾಗಿದ್ದೂ, ಬೇರೆಲ್ಲೂ ಇಲ್ಲದ ಹಕ್ಕಿಯೊಂದು ಶಾಶ್ವತವಾಗಿ ಅಳಿಯುವುದೋ, ಬೇರೆ ಕಡೆ ಧಾರಾಳವಾಗಿರುವ ಪ್ರಾಣಿಯನ್ನು ಒಂದು ದ್ವೀಪದಿಂದ ತೆಗೆಯುವುದೋ ಎಂಬ ಆಯ್ಕೆ ಎದುರಾದಾಗ ಎರಡನೆಯದನ್ನು ಸಮರ್ಥಿಸಬಹುದು. ಷರತ್ತುಗಳು ಮಾತ್ರ ಬಿಗಿಯಾಗಿರಬೇಕು: ಕೆಲಸ ಒಮ್ಮೆಗೇ ಮುಗಿಯುವಂತಿರಬೇಕು, ನೋವು ಕನಿಷ್ಠವಾಗಿರುವ ವಿಧಾನವನ್ನೇ ಆರಿಸಬೇಕು, ಮತ್ತೆ ನುಸುಳದಂತೆ ಕಾವಲಿರಬೇಕು. ಕೊನೆಯಿಲ್ಲದೆ ವರ್ಷವರ್ಷವೂ ಕೊಲ್ಲುತ್ತಲೇ ಇರಬೇಕಾದ ಕಡೆ ಈ ಸಮರ್ಥನೆ ಬೇಗ ಸವೆಯುತ್ತದೆ.

ಆ ನೆಲದಲ್ಲಿ ಈಗಾಗಲೇ ಬದುಕುತ್ತಿರುವ ಜನರ ಗತಿಯೇನು?

ಈ ಪ್ರಶ್ನೆಯನ್ನು ಪಟ್ಟಿಯ ಕೊನೆಗೆ ತಳ್ಳುವ ಅಭ್ಯಾಸ ಸಂರಕ್ಷಣೆಯ ಬರಹಗಳಲ್ಲಿ ಹಳೆಯದು. ಜನರಿಲ್ಲದ ಅರಣ್ಯವೆಂಬ ಅಮೆರಿಕದ ಆದರ್ಶವನ್ನು ಬಡ ದೇಶಗಳಿಗೆ ಸಾಗಿಸಿದಾಗ ಅದು ಬಡವರಿಂದ ಸಂಪನ್ಮೂಲವನ್ನು ಕಿತ್ತು ಉಳ್ಳವರಿಗೆ ವರ್ಗಾಯಿಸಿದಂತಾಗುತ್ತದೆ ಎಂದು ಇತಿಹಾಸಕಾರ ರಾಮಚಂದ್ರ ಗುಹಾ 1989ರಲ್ಲೇ ವಾದಿಸಿದ್ದರು. ಮಧ್ಯಪ್ರದೇಶದ ಕುನೋ ಇದಕ್ಕೆ ಒಳ್ಳೆಯ ನಿದರ್ಶನ. ಗಿರ್‌ನ ಸಿಂಹಗಳಿಗೆ ಎರಡನೆಯ ನೆಲೆ ಬೇಕೆಂದು ಅಲ್ಲಿನ 24 ಹಳ್ಳಿಗಳನ್ನು, ಬಹುಪಾಲು ಸಹರಿಯಾ ಆದಿವಾಸಿಗಳನ್ನು, ಹೊರಗೆ ಸ್ಥಳಾಂತರಿಸಲಾಯಿತು. ಸಿಂಹಗಳನ್ನು ಕಳಿಸುವಂತೆ 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೂ ಅವು ಬರಲಿಲ್ಲ. 2022ರಲ್ಲಿ ಬಂದದ್ದು ಆಫ್ರಿಕದ ಚೀತಾಗಳು. ಯಾವ ಪ್ರಾಣಿಗಾಗಿ ಊರು ಬಿಟ್ಟರೋ ಆ ಪ್ರಾಣಿ ಬರಲೇ ಇಲ್ಲ ಎಂಬುದನ್ನು ಊರು ಬಿಟ್ಟವರಿಗೆ ವಿವರಿಸಬೇಕಾದವರು ಯಾರು?

ಲಾಭ ಮತ್ತು ನಷ್ಟ ಒಂದೇ ಕಡೆ ಬೀಳುವುದಿಲ್ಲ ಎಂಬುದೇ ಇಲ್ಲಿನ ನೈತಿಕ ತೊಡಕು. ತೋಳ ಮರಳಿತೆಂಬ ಸಂತೋಷ ನಗರದಲ್ಲಿ ಕೂತು ಸುದ್ದಿ ಓದುವವರದು, ಕುರಿ ಹೋಯಿತೆಂಬ ಸಂಕಟ ಕಾಡಂಚಿನವರದು. ಪರಿಹಾರದ ಹಣ ಬೇಕೇ ಬೇಕು, ಆದರೆ ಅಷ್ಟರಿಂದ ಮಾತು ಮುಗಿಯುವುದಿಲ್ಲ. ಯೋಜನೆ ಬೇಡವೆನ್ನುವ ಅಧಿಕಾರವಿಲ್ಲದೆ ನಡೆಸುವ ಸಮಾಲೋಚನೆಗೆ ತಿಳಿವಳಿಕೆ ಸಭೆ ಎಂಬ ಹೆಸರೇ ಸಾಕು.

ಬಿಡುಗಡೆಗೆ ಆರಿಸಿದ ಪ್ರಾಣಿಗೆ ಇದರಿಂದ ಏನು ಒಳಿತು?

ಬಹಳ ಸಲ ಏನೂ ಇಲ್ಲ. ಪ್ರಭೇದದ ಹಿತಕ್ಕಾಗಿ ಬಿಡಿ ಪ್ರಾಣಿಯನ್ನು ಅಪಾಯಕ್ಕೆ ಒಡ್ಡುತ್ತಿದ್ದೇವೆ ಎಂದು ನೇರವಾಗಿ ಒಪ್ಪಿಕೊಳ್ಳುವುದು ಮೇಲು. ದಕ್ಷಿಣ ಗೋಳಾರ್ಧದಲ್ಲಿ ಜೂನ್‌ನಿಂದ ಚಳಿಗಾಲ. ಅಲ್ಲಿಂದ ಕುನೋಗೆ ಬಂದ ಚೀತಾಗಳ ಮೈಮೇಲೆ ಅದೇ ವಾಡಿಕೆಯಂತೆ ದಪ್ಪ ತುಪ್ಪಳ ಬೆಳೆಯಿತು, ಆದರೆ ಇಲ್ಲಿ ಅದು ಮಳೆಗಾಲ. 2023ರ ಮಳೆಯಲ್ಲಿ ರೇಡಿಯೋ ಕಾಲರ್‌ನ ಅಡಿಯಲ್ಲಿ ತುಪ್ಪಳ ಒದ್ದೆಯಾಗಿಯೇ ಉಳಿದು, ಕತ್ತಿನ ಚರ್ಮದಲ್ಲಿ ಗಾಯವಾಗಿ, ನೊಣ ಮೊಟ್ಟೆಯಿಟ್ಟು ಹುಳುವಾಗಿ, ಸೋಂಕು ರಕ್ತಕ್ಕೇರಿ ಕೆಲವು ಸತ್ತವು. ಉಳಿದವನ್ನು ಹಿಡಿದು ಆವರಣಕ್ಕೆ ತಂದು ಪರೀಕ್ಷಿಸಬೇಕಾಯಿತು. ಪ್ರಾಣಿಯನ್ನು ಕಾಪಾಡಲೆಂದೇ ತೊಡಿಸಿದ ಸಾಧನ ಅದು. ಇಂಥ ಸಾವುಗಳನ್ನು ನಿರೀಕ್ಷಿತ ಪ್ರಮಾಣದ ಮರಣ ಎಂಬ ಲೆಕ್ಕದಲ್ಲಿ ಸೇರಿಸಿ ಮುಂದೆ ಹೋಗುವುದು ಸುಲಭ. ಒಂದೊಂದರ ಕಾರಣವನ್ನೂ ಬಹಿರಂಗವಾಗಿ ವಿವರಿಸುವುದು ಕನಿಷ್ಠ ಕರ್ತವ್ಯ.

ಅಳಿದುಹೋದ ಪ್ರಾಣಿಗಳನ್ನೇ ಮತ್ತೆ ಹುಟ್ಟಿಸಬಹುದಲ್ಲ?

2000ದಲ್ಲಿ ಅಳಿದ ಪಿರೆನೀಸ್ ಪರ್ವತದ ಕಾಡುಮೇಕೆಯ ತದ್ರೂಪಿ ಮರಿ 2003ರಲ್ಲಿ ಹುಟ್ಟಿ ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶದ ದೋಷದಿಂದ ಸತ್ತಿತು. 2025ರಲ್ಲಿ, ಸಾವಿರಾರು ವರ್ಷಗಳ ಹಿಂದೆ ಅಳಿದ ಡೈರ್ ತೋಳ ಮರಳಿದೆಯೆಂದು ಸುದ್ದಿಯಾದದ್ದು ವಾಸ್ತವವಾಗಿ ಸುಮಾರು 20 ಕಡೆ ತಳಿಗುಣ ತಿದ್ದಿದ ಬೂದು ತೋಳ. ತಾಂತ್ರಿಕ ಕುತೂಹಲವಾಗಿ ಇವು ಸ್ವಾಗತಾರ್ಹ. ಆದರೆ ಹುಟ್ಟಿದ ಮರಿಗೆ ಬೇಟೆ ಕಲಿಸುವ ತಾಯಿಯಿಲ್ಲ, ಹಿಂಡಿಲ್ಲ, ಬಿಡಲು ನೆಲವಿಲ್ಲ. ಬದುಕಿರುವ ಪ್ರಭೇದಗಳಿಗೇ ನೆಲ ಸಾಲದಿರುವಾಗ ಇದನ್ನು ಮರುವನ್ಯೀಕರಣವೆಂದು ಕರೆಯುವುದು ಅತಿಯಾಯಿತು.

ಒಂದು ಕಡೆ ಹೊಲವನ್ನು ಕಾಡಿಗೆ ಬಿಟ್ಟರೆ ಇನ್ನೊಂದು ಕಡೆ ಕಾಡು ಹೊಲವಾಗುವುದಿಲ್ಲವೇ?

ಆಗಬಹುದು. ಐರೋಪ್ಯ ಒಕ್ಕೂಟ 2024ರಲ್ಲಿ ಜಾರಿಗೆ ತಂದ ಕಾನೂನು, 2030ರೊಳಗೆ ತನ್ನ ನೆಲ ಮತ್ತು ಕಡಲಿನ ಕನಿಷ್ಠ ಶೇ 20ರಷ್ಟು ಭಾಗದಲ್ಲಿ ಪುನಃಸ್ಥಾಪನೆಯ ಕ್ರಮಗಳು ನಡೆದಿರಬೇಕು ಎನ್ನುತ್ತದೆ. ಅಲ್ಲಿ ಬೆಳೆಯದ ಧಾನ್ಯ, ಮಾಂಸ, ಮರಮುಟ್ಟು ಉಷ್ಣವಲಯದ ಕಾಡು ಕಡಿದು ಬಂದರೆ ಒಟ್ಟು ಲೆಕ್ಕದಲ್ಲಿ ನಷ್ಟವೇ. ಆದ್ದರಿಂದ ಫಲವತ್ತಾದ ಹೊಲಕ್ಕಿಂತ ಇಳುವರಿ ಕಡಿಮೆಯಿರುವ ನೆಲವನ್ನು ಮೊದಲು ಆರಿಸುವುದು, ತಿನ್ನುವ ಮಾಂಸದ ಪ್ರಮಾಣವನ್ನೂ ಚರ್ಚೆಗೆ ತರುವುದು ಅನಿವಾರ್ಯ.

ಸರ್ಕಾರಗಳು ತಡಮಾಡಿದರೆ, ಆಸಕ್ತರೇ ಪ್ರಾಣಿಗಳನ್ನು ತಂದು ಬಿಡಬಹುದೇ?

ಬಾರದು. 2025ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್‌ನಲ್ಲಿ ಯಾರೋ ಗುಟ್ಟಾಗಿ ನಾಲ್ಕು ಲಿಂಕ್ಸ್‌ಗಳನ್ನು ಬಿಟ್ಟರು. ನಡುಚಳಿಗಾಲ. ಎಲ್ಲವನ್ನೂ ಕೆಲವೇ ದಿನಗಳಲ್ಲಿ ಹಿಡಿದರು, ಒಂದು ಸತ್ತಿತು. ಕಾನೂನುಬದ್ಧವಾಗಿ ಲಿಂಕ್ಸ್ ತರಲು ರೈತರೊಡನೆ ವರ್ಷಗಳಿಂದ ಮಾತುಕತೆ ನಡೆಸುತ್ತಿದ್ದವರ ಕೆಲಸವೂ ಇದರಿಂದ ಕಷ್ಟವಾಯಿತು.

ಯೋಜನೆಯಿಂದ ಮನುಷ್ಯ ಹಿಂದೆ ಸರಿಯುವುದು ಯಾವಾಗ?

ಪ್ರಭೇದವನ್ನು ಮೊದಲ ಸಲ ಅಳಿಸಿದ ಕಾರಣ ನಿವಾರಣೆಯಾಗಿದೆಯೇ ಎಂದು ಮೊದಲು ನೋಡಬೇಕು, ಯೋಜನೆ ಕೈಬಿಡಬೇಕಾದ ಸಂದರ್ಭ ಯಾವುದೆಂದು ಮುಂಚೆಯೇ ಬರೆದಿಡಬೇಕು ಎಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ 2013ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೊದಲನೆಯದನ್ನು ಪಾಲಿಸದಿದ್ದರೆ ಹಿಂದೆ ಸರಿಯುವ ದಿನ ಬರುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳಲ್ಲಿ ಉಳಿದಿದ್ದ ಎಲ್ಲವನ್ನೂ 1987ರ ಹೊತ್ತಿಗೆ ಹಿಡಿದು, ಒಟ್ಟು 27 ಹಕ್ಕಿಗಳಿಂದ ಮರಿ ಮಾಡಿಸಿ, 1992ರಿಂದ ಮತ್ತೆ ಬಿಡುತ್ತಾ ಬಂದರು. ಇಂದು ನೂರಾರು ಕಾಂಡೋರ್‌ಗಳು ಹಾರಾಡುತ್ತಿವೆ, ಪ್ರತಿಯೊಂದರ ರೆಕ್ಕೆಯಲ್ಲೂ ಸಂಖ್ಯೆಯ ಬಿಲ್ಲೆಯಿದೆ. ಬೇಟೆಗಾರರು ಬಿಟ್ಟುಹೋದ ಹೆಣಗಳಲ್ಲಿನ ಗುಂಡಿನ ಚೂರುಗಳಿಂದ ಸೀಸ ಅವುಗಳ ಹೊಟ್ಟೆ ಸೇರುತ್ತದೆ. ಆದ್ದರಿಂದ ಅವನ್ನು ಆಗಾಗ ಹಿಡಿದು, ರಕ್ತ ಪರೀಕ್ಷಿಸಿ, ವಿಷವೇರಿದ್ದರೆ ಚಿಕಿತ್ಸೆ ಕೊಟ್ಟು ಮತ್ತೆ ಬಿಡುತ್ತಾರೆ. ಕ್ಯಾಲಿಫೋರ್ನಿಯಾ 2019ರಲ್ಲಿ ಬೇಟೆಗೆ ಸೀಸದ ಗುಂಡು ಬಳಸುವುದನ್ನು ಪೂರ್ತಿಯಾಗಿ ನಿಷೇಧಿಸಿತು. ಆದರೆ ಆ ಹಕ್ಕಿಗಳಲ್ಲಿ ಕೆಲವು ಹಾರುವುದು ಆ ನಿಷೇಧವಿಲ್ಲದ ಅರಿಜೋನಾ, ಯೂಟಾಗಳ ಮೇಲೆ. ಅಲ್ಲಿ ಇನ್ನೊಂದು ಬಗೆಯ ಗುಂಡು ಬಳಸುವಂತೆ ಬೇಟೆಗಾರರ ಮನವೊಲಿಸುವ ಕೆಲಸ ನಡೆದಿದೆ. ಅದು ಮುಗಿಯುವವರೆಗೆ ಹಕ್ಕಿಗಳನ್ನು ಹಿಡಿದು ರಕ್ತ ನೋಡುವ ಕೆಲಸವೂ ನಿಲ್ಲುವಂತಿಲ್ಲ.